ಯಾವುದಕ್ಕೆ ಹೋಲಿಸಿದ ವೇಗ? ಹಗ್ಗದ ಗಂಟಿನಿಂದ ಪಿಟೋ ಕೊಳವೆಯವರೆಗೆ

ಮಳೆಗಾಲದಲ್ಲಿ ಮಂಗಳೂರಿನಿಂದ ಕೊಚ್ಚಿಯ ಕಡೆಗೆ ಹೊರಟ ಒಂದು ಸರಕು ಹಡಗನ್ನು ಕಲ್ಪಿಸಿಕೊಳ್ಳಿ. ಹಡಗು ನಡೆಸುವ ಕೋಣೆಯಲ್ಲಿ ಎರಡು ಪರದೆಗಳಿವೆ. ಒಂದು ವೇಗ 12.0 ನಾಟ್ ಎನ್ನುತ್ತದೆ, ಪಕ್ಕದ ಜಿಪಿಎಸ್ 12.8 ಎನ್ನುತ್ತದೆ. ಯಾವುದು ಕೆಟ್ಟಿದೆ? ಎರಡೂ ಸರಿಯಾಗಿಯೇ ಇವೆ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯುದ್ದಕ್ಕೂ ಕಡಲ ನೀರೇ ದಕ್ಷಿಣಕ್ಕೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಆ ಹರಿವು ಉತ್ತರಕ್ಕೆ ತಿರುಗುತ್ತದೆ. ಮೊದಲ ಪರದೆ ಹೇಳಿದ್ದು ಹಡಗು ನೀರನ್ನು ಸೀಳಿಕೊಂಡು ಹೋಗುವ ವೇಗ, ಎರಡನೆಯದು ಹೇಳಿದ್ದು ನೆಲಕ್ಕೆ ಹೋಲಿಸಿದ ವೇಗ. ನಡುವಿನ 0.8 ನಾಟ್ ನೀರಿನ ಸೆಳೆತದ ಕೊಡುಗೆ. ಇವತ್ತಿನ ಮಾತಿನುದ್ದಕ್ಕೂ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡಿರಿ: ಯಾವುದಕ್ಕೆ ಹೋಲಿಸಿದ ವೇಗ? ಹಡಗಾಗಲಿ ವಿಮಾನವಾಗಲಿ, ವೇಗದ ವಿಷಯದಲ್ಲಿ ಆದ ದೊಡ್ಡ ತಪ್ಪುಗಳ ಮೂಲ ಹುಡುಕಿದರೆ ಬಹುಪಾಲು ಈ ಪ್ರಶ್ನೆ ಕೇಳದೆ ಬಿಟ್ಟದ್ದು ಸಿಗುತ್ತದೆ, ಇಲ್ಲವೇ ಉಪಕರಣ ನಿಜಕ್ಕೂ ಏನನ್ನು ಅಳೆಯುತ್ತಿದೆ ಎಂಬುದನ್ನು ಮರೆತದ್ದು ಸಿಗುತ್ತದೆ.

ಮೊದಲು ಅಳತೆಗೋಲು. ಭೂಮಿಯ ಸುತ್ತಳತೆಯನ್ನು 360 ಡಿಗ್ರಿಗಳಾಗಿ, ಪ್ರತಿ ಡಿಗ್ರಿಯನ್ನು 60 ಮಿನಿಟುಗಳಾಗಿ ಹಂಚಿದರೆ 21,600 ಭಾಗಗಳಾಗುತ್ತವೆ. ಅಂಥ ಒಂದು ಭಾಗ ಒಂದು ನಾಟಿಕಲ್ ಮೈಲಿ. 1929ರಲ್ಲಿ ಮೊನಾಕೊದಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆ ಅದನ್ನು 1852 ಮೀಟರ್ ಎಂದು ಗೊತ್ತುಮಾಡಿತು. ನಕ್ಷೆಯ ಅಂಚಿನ ಅಕ್ಷಾಂಶದ ಗೆರೆಯೇ ಸ್ಕೇಲಾಗುತ್ತದೆ ಎಂಬುದಕ್ಕಾಗಿಯೇ ನಾವಿಕರು ಇದನ್ನು ಬಿಟ್ಟುಕೊಟ್ಟಿಲ್ಲ. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಒಂದು ನಾಟ್, ಅಂದರೆ 1.852 ಕಿಲೋಮೀಟರ್ ವೇಗ. ‘ಗಂಟೆಗೆ ಹತ್ತು ನಾಟ್’ ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದು ಸರಿಯಲ್ಲ. ಗಂಟೆ ಆ ಪದದೊಳಗೇ ಸೇರಿಕೊಂಡಿದೆ.

ನಾಟ್ ಎಂದರೆ ಗಂಟು. ಹಗ್ಗಕ್ಕೆ ಹಾಕುವ ಅದೇ ಗಂಟು. ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲಿ ಹಗ್ಗ ಮತ್ತು ಮರದ ತುಂಡಿನಿಂದ ವೇಗ ಅಳೆಯುವ ವಿಧಾನವನ್ನು ಬರೆದಿಟ್ಟ. ಮುಂದಿನ ಮುನ್ನೂರು ವರ್ಷ ಸಾಗರ ದಾಟಿದವರು ಇದನ್ನೇ ನೆಚ್ಚಿಕೊಂಡರು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಮುಂದೆ ಬರುವ ಎಲ್ಲ ಉಪಕರಣಗಳ ಗುಣದೋಷ ಇದರಲ್ಲೇ ಇದೆ.

ಮರದ ಒಂದು ತೆಳು ಹಲಗೆ. ದುಂಡನೆಯ ರೊಟ್ಟಿಯನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲಿನ ಆಕಾರ ಬರುತ್ತದಲ್ಲ, ಹಾಗೆ. ಅದರ ಬಾಗಿದ ಅಂಚಿಗೆ ಸೀಸ ಬಡಿದಿರುತ್ತಾರೆ. ನೀರಿಗೆ ಬಿದ್ದಾಗ ಸೀಸದ ಅಂಚು ಕೆಳಗೆ ಹೋಗಿ ಹಲಗೆ ನೆಟ್ಟಗೆ ನಿಲ್ಲುತ್ತದೆ, ತುದಿ ಮಾತ್ರ ನೀರಿನ ಮೇಲೆ ಕಾಣುತ್ತದೆ. ಹಲಗೆಯ ಮೂರು ಮೂಲೆಗೂ ದಾರ ಕಟ್ಟಿ, ಮೂರನ್ನೂ ಮುಖ್ಯ ಹಗ್ಗಕ್ಕೆ ಸೇರಿಸುತ್ತಾರೆ. ಹಾಗಾಗಿ ಹಲಗೆ ತನ್ನ ಅಗಲವಾದ ಮೈಯನ್ನು ಹಡಗಿನ ಕಡೆ ತೋರಿಸಿಕೊಂಡು ನೀರಿನಲ್ಲಿ ನೆಟ್ಟಂತೆ ನಿಲ್ಲುತ್ತದೆ. ಹಡಗು ಮುಂದೆ ಹೋದಂತೆ ಹಗ್ಗ ರಾಟೆಯಿಂದ ಬಿಚ್ಚಿಕೊಳ್ಳುತ್ತದೆ.

ಕೆಲಸಕ್ಕೆ ಮೂವರು ಬೇಕು. ಒಬ್ಬ ಹಗ್ಗ ಸುತ್ತಿದ ರಾಟೆಯ ಎರಡು ಹಿಡಿಗಳನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ. ಇನ್ನೊಬ್ಬನ ಕೈಯಲ್ಲಿ 28 ಸೆಕೆಂಡಿನ ಮರಳು ಗಡಿಯಾರ. ಮೂರನೆಯವನು ಹಲಗೆಯನ್ನು ಹಡಗಿನ ಹಿಂಭಾಗದಿಂದ ಎಸೆಯುತ್ತಾನೆ. ಹಡಗು ಹಿಂದೆ ಬಿಟ್ಟುಹೋಗುವ ಕದಡಿದ ನೀರು ಹಲಗೆಯನ್ನು ತನ್ನೊಂದಿಗೆ ಎಳೆಯುತ್ತದೆ. ಅದಕ್ಕಾಗಿ ಮೊದಲಿನ ಅಷ್ಟು ಉದ್ದ ಹಗ್ಗವನ್ನು ಲೆಕ್ಕಕ್ಕೆ ಹಿಡಿಯದೆ ಹರಿಯಬಿಡುತ್ತಾರೆ. ಅದು ಮುಗಿಯುವಲ್ಲಿ ಒಂದು ಬಟ್ಟೆಚೂರು ಕಟ್ಟಿರುತ್ತದೆ. ಬಟ್ಟೆ ಕೈದಾಟಿದ ಕ್ಷಣದಲ್ಲಿ ಕೂಗು, ಮರಳು ಗಡಿಯಾರ ತಲೆಕೆಳಗು. ಮರಳು ಇಳಿದು ಮುಗಿದಾಗ ಮತ್ತೊಂದು ಕೂಗು, ಹಗ್ಗಕ್ಕೆ ಹಿಡಿತ. ಅಷ್ಟರಲ್ಲಿ ಎಷ್ಟು ಗಂಟು ಹೊರಗೆ ಹೋಯಿತೋ ಹಡಗಿನ ವೇಗ ಅಷ್ಟು ನಾಟ್. ಹಲಗೆಯ ಒಂದು ದಾರವನ್ನು ಮರದ ಬಿರಡೆಯಿಂದ ಸಿಕ್ಕಿಸಿರುತ್ತಾರೆ; ಹಗ್ಗವನ್ನು ಜಗ್ಗಿದರೆ ಬಿರಡೆ ಕಿತ್ತುಬಂದು ಹಲಗೆ ಮಲಗುತ್ತದೆ, ಸುಲಭವಾಗಿ ಎಳೆದುಕೊಳ್ಳಬಹುದು. ಈ ಬಿರಡೆ ಇಲ್ಲದಿದ್ದರೆ ಹತ್ತು ನಾಟ್ ವೇಗದಲ್ಲಿ ಆ ಹಲಗೆಯನ್ನು ವಾಪಸು ಎಳೆಯುವುದು ಹೆಣಗಾಟವೇ.

ಗಂಟುಗಳ ನಡುವಿನ ಅಂತರ 47 ಅಡಿ 3 ಇಂಚು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಹಳೆಯ ಬ್ರಿಟಿಷ್ ನಾಟಿಕಲ್ ಮೈಲಿ 6080 ಅಡಿ. ಅದನ್ನು 3600ರಿಂದ ಭಾಗಿಸಿ 28ರಿಂದ ಗುಣಿಸಿ: 47.29 ಬರುತ್ತದೆ. ಅದಕ್ಕೂ ಮುಂಚೆ 30 ಸೆಕೆಂಡಿಗೆ 42 ಅಡಿ ಎಂಬ ಲೆಕ್ಕವಿತ್ತು. ಮೈಲಿಗೆ 5000 ಅಡಿ ಎಂದು, ಅಂದರೆ ಭೂಮಿಯನ್ನು ಚಿಕ್ಕದೆಂದು ನಂಬಿದ್ದ ಕಾಲದ ಹಗ್ಗ ಅದು. ಭೂಮಿಯ ಗಾತ್ರ ತಪ್ಪಿದ್ದರೆ ಹಡಗಿನ ವೇಗವೂ ತಪ್ಪುತ್ತದೆ, ನೋಡಿ.

ಇನ್ನು ಕೆಡುವ ಬಗೆ. ನೆನೆದು ಒಣಗಿದ ಹಗ್ಗ ಕುಗ್ಗುತ್ತದೆ. 47 ಅಡಿ 3 ಇಂಚು ಇರಬೇಕಾದ ಅಂತರ 45 ಅಡಿಗೆ ಇಳಿದಿದ್ದರೆ, ನಿಜವಾದ 10 ನಾಟ್ ವೇಗ 10.5 ಎಂದು ಕಾಣುತ್ತದೆ. ತೇವ ಹಿಡಿದ ಮರಳು ನಿಧಾನವಾಗಿ ಇಳಿಯುತ್ತದೆ. 28ರ ಬದಲು 30 ಸೆಕೆಂಡು ಹಿಡಿದರೆ ಅದೇ ಹಡಗು 10.7 ತೋರಿಸುತ್ತದೆ. ಬಳಸಿ ಬಳಸಿ ಗಾಜಿನ ಕಂಠದ ತೂತು ದೊಡ್ಡದಾದರೆ ಮರಳು ಬೇಗ ಮುಗಿದು ವೇಗ ಕಡಿಮೆ ಕಾಣುತ್ತದೆ. ಈ ಎರಡು ತಪ್ಪುಗಳು ಸಮಾನವಲ್ಲ. ವೇಗ ಹೆಚ್ಚು ತೋರಿಸಿದರೆ ದಡ ಹತ್ತಿರವಾಯಿತೆಂದು ಬೇಗನೆ ಎಚ್ಚರವಾಗುತ್ತೀರಿ. ಕಡಿಮೆ ತೋರಿಸಿದರೆ, ದಡ ಇನ್ನೂ ದೂರವಿದೆ ಎಂದುಕೊಂಡಿರುವಾಗಲೇ ಬಂಡೆ ಸಿಗುತ್ತದೆ. ಆದ್ದರಿಂದ ಹಗ್ಗವನ್ನು ನೆನೆಸಿದ ಸ್ಥಿತಿಯಲ್ಲೇ ಅಳೆದು, ಮರಳನ್ನು ಆಗಾಗ ಮುಳ್ಳಿನ ಗಡಿಯಾರಕ್ಕೆ ಹೋಲಿಸಿ ನೋಡುವುದು ಹಡಗಿನ ಕಟ್ಟುನಿಟ್ಟಿನ ಕೆಲಸವಾಗಿತ್ತು.

ಆ ಮರದ ತುಂಡಿಗೆ ಇಂಗ್ಲಿಷಿನಲ್ಲಿ ಲಾಗ್ ಎಂದರು. ಅದರ ಅಳತೆ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ನೀವು ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಮಾಡುವ ‘ಲಾಗಿನ್’ ಆ ಪುಸ್ತಕದಿಂದ ಬಂದದ್ದು. ಹಡಗಿನ ವೇಗಮಾಪಕ ಎಷ್ಟೇ ಎಲೆಕ್ಟ್ರಾನಿಕ್ ಆಗಿದ್ದರೂ ನಾವಿಕರು ಅದನ್ನು ಇವತ್ತಿಗೂ ಲಾಗ್ ಎಂದೇ ಕರೆಯುತ್ತಾರೆ.

ಹತ್ತೊಂಬತ್ತನೇ ಶತಮಾನದಲ್ಲಿ ತಿರುಗುವ ಲಾಗ್ ಬಂತು. ಎಡ್ವರ್ಡ್ ಮ್ಯಾಸಿ 1802ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಥಾಮಸ್ ವಾಕರ್ ಅದನ್ನು ಸುಧಾರಿಸಿದ. ರೆಕ್ಕೆಗಳಿರುವ ಒಂದು ಲೋಹದ ತಿರುಗಣಿಯನ್ನು ಉದ್ದ ಹಗ್ಗದಲ್ಲಿ ಹಡಗಿನ ಹಿಂದೆ ಎಳೆಯುವುದು. ಅದು ತಿರುಗಿದಷ್ಟೂ ಹಗ್ಗ ತಿರುಗಿ, ಹಿಂಭಾಗದ ಕಟಾಂಜನಕ್ಕೆ ಬಿಗಿದ ಮುಳ್ಳಿನ ಪೆಟ್ಟಿಗೆ ಕ್ರಮಿಸಿದ ಮೈಲಿಗಳನ್ನು ತೋರಿಸುವುದು. ಕಡಲಕಳೆ ಸುತ್ತಿಕೊಂಡರೆ ಲೆಕ್ಕ ಕಡಿಮೆಯಾಗುತ್ತಿತ್ತು. ಮೀನು ಕಚ್ಚಿ ಹಗ್ಗ ತುಂಡಾದರೆ ಉಪಕರಣವೇ ಇಲ್ಲ.

ಈಗಿನ ಹಡಗುಗಳಲ್ಲಿ ಹೆಚ್ಚಾಗಿರುವುದು ಎರಡು ಬಗೆ. ಮೊದಲನೆಯದು ವಿದ್ಯುತ್ಕಾಂತೀಯ ಲಾಗ್. ಕಾಂತಕ್ಷೇತ್ರದಲ್ಲಿ ವಾಹಕ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ಯಾರಡೆ ತೋರಿಸಿದ್ದು ನಿಮಗೆ ಶಾಲೆಯಿಂದ ಗೊತ್ತು. ಉಪ್ಪುನೀರು ವಾಹಕ. ಫ್ಯಾರಡೆಯೇ 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಾಮ್ರದ ತಟ್ಟೆಗಳನ್ನು ಇಳಿಬಿಟ್ಟು, ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವ ನೀರಿನಿಂದ ವಿದ್ಯುತ್ ಬರುತ್ತದೆಯೇ ಎಂದು ನೋಡಿದ್ದ. ನಂಬಬಹುದಾದ ಅಳತೆ ಸಿಗಲಿಲ್ಲ. ಈಗ ಹಡಗಿನ ತಳದಲ್ಲೇ ಒಂದು ಸುರುಳಿಯಿಟ್ಟು ಕಾಂತಕ್ಷೇತ್ರ ಹುಟ್ಟಿಸುತ್ತಾರೆ, ಎರಡು ಬದಿಯ ಲೋಹದ ಬಿಂದುಗಳ ನಡುವೆ ವೋಲ್ಟೇಜ್ ಅಳೆಯುತ್ತಾರೆ. ವೇಗ ಎರಡುಪಟ್ಟಾದರೆ ವೋಲ್ಟೇಜೂ ಎರಡುಪಟ್ಟು. ಸುರುಳಿಗೆ ಏಕಮುಖ ವಿದ್ಯುತ್ ಕೊಟ್ಟರೆ ಬಿಂದುಗಳ ಮೇಲೆ ರಾಸಾಯನಿಕ ಕ್ರಿಯೆಯಿಂದ ಹುಸಿ ವೋಲ್ಟೇಜ್ ಸೇರಿಕೊಳ್ಳುತ್ತದೆ, ಅದಕ್ಕೇ ದಿಕ್ಕು ಬದಲಾಗುತ್ತಿರುವ ವಿದ್ಯುತ್ ಬಳಸುವುದು. ಇದರ ಮುಖ್ಯ ತೊಂದರೆ ಹಡಗಿನ ಮೈಗೆ ಅಂಟಿ ಬರುವ ನೀರು. ತಳದ ಪಕ್ಕದ ನೀರನ್ನು ಹಡಗು ತನ್ನೊಂದಿಗೆ ಎಳೆದುಕೊಂಡೇ ಹೋಗುತ್ತದೆ, ಅಲ್ಲಿ ಅಳೆದ ವೇಗ ನಿಜಕ್ಕಿಂತ ಕಡಿಮೆ. ಪಾಚಿ, ಚಿಪ್ಪುಜೀವಿಗಳು ಬೆಳೆದಷ್ಟೂ ಆ ಪದರ ದಪ್ಪಗಾಗುತ್ತದೆ, ಆರು ತಿಂಗಳ ಹಿಂದಿನ ಹೊಂದಾಣಿಕೆ ಈಗ ಸರಿಬರುವುದಿಲ್ಲ.

ಎರಡನೆಯದು ಡಾಪ್ಲರ್ ಲಾಗ್. ತಳದಿಂದ ಓರೆಯಾಗಿ ಕೆಳಕ್ಕೆ ಶಬ್ದದ ಕಿರಣ ಬಿಟ್ಟು ಮರುದನಿಯ ಆವರ್ತನ ಎಷ್ಟು ಬದಲಾಯಿತೆಂದು ನೋಡುವುದು. ಒಂದು ಲೆಕ್ಕ ಮಾಡೋಣ: 150 ಕಿಲೋಹರ್ಟ್ಜ್ ದನಿ, ನೀರಿನ ಮಟ್ಟದಿಂದ ಕೆಳಕ್ಕೆ 60 ಡಿಗ್ರಿ ಓರೆ, ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್. 10 ನಾಟ್ ವೇಗಕ್ಕೆ ಬದಲಾವಣೆ ಸುಮಾರು 514 ಹರ್ಟ್ಜ್. ಅಳೆಯಲು ಧಾರಾಳವಾಯಿತು. ಆದರೆ ಅಲೆಗೆ ಹಡಗಿನ ಮೂತಿ ಎದ್ದರೆ ಕಿರಣದ ಓರೆ ಬದಲಾಗುತ್ತದಲ್ಲ? ಅದಕ್ಕೆ ಮುಂದಕ್ಕೊಂದು, ಹಿಂದಕ್ಕೊಂದು ಕಿರಣ ಬಿಡುತ್ತಾರೆ. ಒಂದರ ತಪ್ಪನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಆಳ ಕಡಿಮೆ ಇದ್ದರೆ ಮರುದನಿ ಕಡಲತಳದಿಂದ ಬರುತ್ತದೆ, ಆಗ ಸಿಗುವುದು ನೆಲಕ್ಕೆ ಹೋಲಿಸಿದ ವೇಗ. ಸಾಮಾನ್ಯವಾಗಿ 200 ಮೀಟರ್ ಆಸುಪಾಸಿನ ಆಳ ದಾಟಿದರೆ ತಳ ಸಿಗದೆ, ನೀರಿನಲ್ಲಿ ತೇಲುವ ಕಣಗಳಿಂದ ಬಂದ ಮರುದನಿಯೇ ಗತಿ. ಆಗ ಅದೇ ಪರದೆ, ಅದೇ ಅಂಕಿ, ಆದರೆ ಅರ್ಥ ಬೇರೆ. ಪರದೆಯ ಮೂಲೆಯ ಒಂದು ಸಣ್ಣ ಅಕ್ಷರ ಮಾತ್ರ ಈ ಬದಲಾವಣೆಯನ್ನು ಹೇಳುತ್ತದೆ. ಅದನ್ನು ಓದುವ ಅಭ್ಯಾಸ ಇರಲೇಬೇಕು.

ಈ ಲಾಗ್‌ಗಳನ್ನು ಒರೆಗೆ ಹಚ್ಚುವುದು ಹೇಗೆ? ದಡದ ಮೇಲೆ ಎರಡು ಜೋಡಿ ಗುರುತುಕಂಬಗಳು, ನಡುವೆ ಕರಾರುವಾಕ್ಕಾಗಿ ಒಂದು ನಾಟಿಕಲ್ ಮೈಲಿ. ಇಂಜಿನ್ನಿನ ಸುತ್ತು ಬದಲಿಸದೆ ಹಡಗನ್ನು ಹೋಗಿ ಬರುವಂತೆ ಓಡಿಸಬೇಕು. ಹೋಗುವಾಗ 6 ನಿಮಿಷ ಹಿಡಿಯಿತು ಎನ್ನಿ, 10 ನಾಟ್ ಆಯಿತು. ಬರುವಾಗ ಸೆಳೆತ ಎದುರಾಗಿ 7 ನಿಮಿಷ 30 ಸೆಕೆಂಡು, 8 ನಾಟ್. ನೀರಿನಲ್ಲಿ ಹಡಗಿನ ವೇಗ 9 ನಾಟ್, ಸೆಳೆತ 1 ನಾಟ್. ಇಲ್ಲೊಂದು ತಪ್ಪು ಪದೇಪದೇ ನಡೆಯುತ್ತದೆ: ಎರಡು ಸಮಯಗಳ ಸರಾಸರಿ ತೆಗೆಯುವುದು. ಸರಾಸರಿ ಸಮಯ 6 ನಿಮಿಷ 45 ಸೆಕೆಂಡು, ಅದರಿಂದ ವೇಗ 8.89 ಬರುತ್ತದೆ. ಹಡಗು ಎದುರು ಸೆಳೆತದಲ್ಲಿ ಹೆಚ್ಚು ಹೊತ್ತು ಇರುವುದರಿಂದ ಹೀಗಾಗುತ್ತದೆ. ಮೊದಲು ಪ್ರತಿ ಓಟದ ವೇಗ, ಆಮೇಲೆ ವೇಗಗಳ ಸರಾಸರಿ. ಸೆಳೆತವೂ ಗಂಟೆಗಂಟೆಗೆ ಬದಲಾಗುತ್ತದೆಯಾದ್ದರಿಂದ ಎರಡು ಓಟಕ್ಕೆ ನಿಲ್ಲಿಸದೆ ನಾಲ್ಕು ಓಟ ಮಾಡಿದರೆ ಒಳ್ಳೆಯದು.

ಜಿಪಿಎಸ್ ಇಷ್ಟು ಸಲೀಸಾಗಿ ನೆಲದ ವೇಗ ಕೊಡುವಾಗ ನೀರಿನ ವೇಗ ಯಾಕೆ ಬೇಕು ಎಂದು ಕೇಳುತ್ತೀರಿ. ಎದುರಿನ ಹಡಗಿಗೆ ಡಿಕ್ಕಿಯಾಗದಿರಲು ಬೇಕು. ಎರಡೂ ಹಡಗುಗಳು ಒಂದೇ ಸೆಳೆತದಲ್ಲಿವೆ. ರೇಡಾರಿಗೆ ನೆಲದ ವೇಗ ಕೊಟ್ಟರೆ ಎದುರಿನ ಹಡಗು ಅಡ್ಡಡ್ಡ ಜಾರುತ್ತಿರುವಂತೆ ಪರದೆಯ ಬಾಣ ತೋರಿಸುತ್ತದೆ. ಕಣ್ಣಿಗೆ ಕಾಣುವ ಅದರ ದೀಪಗಳು ಬೇರೆಯೇ ದಿಕ್ಕು ಹೇಳುತ್ತವೆ. ಅದು ನೇರ ಎದುರಿಗೆ ಬರುತ್ತಿದೆಯೋ ದಾರಿಗೆ ಅಡ್ಡ ಬರುತ್ತಿದೆಯೋ ಎಂಬ ತೀರ್ಮಾನದ ಮೇಲೆ ಯಾರು ದಾರಿ ಬಿಡಬೇಕೆಂಬ ನಿಯಮ ನಿಂತಿದೆ. 300 ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಮೇಲ್ಪಟ್ಟ ಹಡಗುಗಳಿಗೆ ನೀರಿನ ವೇಗ ಅಳೆಯುವ ಸಾಧನವನ್ನು ಅಂತರರಾಷ್ಟ್ರೀಯ ನಿಯಮ ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ. 50,000 ಟನ್ನೇಜ್ ಮತ್ತು ಮೇಲ್ಪಟ್ಟವಕ್ಕೆ ನೆಲದ ವೇಗವೂ ಬೇಕು, ಮುಂದಕ್ಕೂ ಪಕ್ಕಕ್ಕೂ. ಅಷ್ಟು ದೊಡ್ಡ ಹಡಗು ಧಕ್ಕೆಗೆ ತಾಗುವಾಗ ಲೆಕ್ಕ ಸೆಕೆಂಡಿಗೆ ಸೆಂಟಿಮೀಟರುಗಳಲ್ಲಿ ನಡೆಯುತ್ತದೆ.

ಈಗ ಆಕಾಶಕ್ಕೆ ಹೋಗೋಣ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಮೊದಲ ಹಾರಾಟ: 12 ಸೆಕೆಂಡು, 120 ಅಡಿ. ಸೆಕೆಂಡಿಗೆ 10 ಅಡಿ ಎಂದರೆ ಮನುಷ್ಯ ಓಡಿ ಹಿಂದೆ ಹಾಕಬಹುದಾದ ವೇಗ. ಆ ವೇಗದಲ್ಲಿ ಅದು ಹಾರಿದ್ದಾದರೂ ಹೇಗೆ? ಎದುರು ಗಾಳಿ ಸೆಕೆಂಡಿಗೆ 35 ಅಡಿಗೂ ಹೆಚ್ಚಿತ್ತು. ಗಾಳಿಗೆ ಹೋಲಿಸಿದರೆ ವಿಮಾನದ ವೇಗ 45 ಅಡಿ ದಾಟಿತ್ತು, ರೆಕ್ಕೆಗೆ ಅಷ್ಟು ಸಾಕಾಯಿತು. ಅವರು ಆ ವಿಮಾನದಲ್ಲೇ ಒಂದು ಗಾಳಿಮಾಪಕ ಮತ್ತು ಸಮಯ ನೋಡಲು ಸ್ಟಾಪ್‌ವಾಚ್ ಕಟ್ಟಿದ್ದರು. ರೆಕ್ಕೆಗೆ ನೆಲದ ಸುದ್ದಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತನ್ನ ಮೇಲೆ ಹರಿಯುವ ಗಾಳಿ ಮಾತ್ರ ಎಂಬುದು ಅವರಿಗೆ ಮೊದಲ ದಿನವೇ ಸ್ಪಷ್ಟವಿತ್ತು.

ಆ ಗಾಳಿಯನ್ನು ಅಳೆಯುವ ಸಾಧನ ಹುಟ್ಟಿದ್ದು ನದಿಯಲ್ಲಿ. ಫ್ರಾನ್ಸಿನ ಆನ್ರಿ ಪಿಟೋ 1732ರಲ್ಲಿ ಬಾಗಿದ ಕೊಳವೆಯ ಬಾಯನ್ನು ಸೇನ್ ನದಿಯ ಹರಿವಿಗೆ ಎದುರಾಗಿ ಹಿಡಿದ. ನೀರು ಕೊಳವೆಯೊಳಗೆ ಮೇಲೇರಿದ ಎತ್ತರದಿಂದ ವೇಗ ತಿಳಿದ. ವಿಮಾನದ ಮೂತಿಯ ಬಳಿ ಅಥವಾ ರೆಕ್ಕೆಯಡಿ ಚಾಚಿಕೊಂಡಿರುವ ಸಣ್ಣ ಕೊಳವೆ ಅದೇ. ಅದರ ಬಾಯಿಗೆ ಬಡಿದು ನಿಂತ ಗಾಳಿಯ ಒತ್ತಡ ಒಂದು ಕಡೆ, ವಿಮಾನದ ಪಕ್ಕೆಯಲ್ಲಿರುವ ಸ್ಟ್ಯಾಟಿಕ್ ರಂಧ್ರದಿಂದ ಸಿಗುವ ಸುತ್ತಲಿನ ಒತ್ತಡ ಇನ್ನೊಂದು ಕಡೆ. ಮುಳ್ಳಿನ ಮೀಟರಿನಲ್ಲಿ ತೆಳು ಲೋಹದ ಒಂದು ಡಬ್ಬಿ ಇರುತ್ತದೆ: ಒಳಗೆ ಪಿಟೋ ಒತ್ತಡ, ಹೊರಗೆ ಸ್ಟ್ಯಾಟಿಕ್ ಒತ್ತಡ. ವ್ಯತ್ಯಾಸಕ್ಕೆ ತಕ್ಕಂತೆ ಡಬ್ಬಿ ಉಬ್ಬುತ್ತದೆ, ಸಣ್ಣ ಸನ್ನೆ ಮತ್ತು ಹಲ್ಲಿನ ಚಕ್ರಗಳು ಆ ಉಬ್ಬನ್ನು ಮುಳ್ಳಿಗೆ ಮುಟ್ಟಿಸುತ್ತವೆ.

ವ್ಯತ್ಯಾಸ ಎಷ್ಟು ಸಣ್ಣದು ಎಂಬುದನ್ನು ನೋಡಿ. ಸಮುದ್ರ ಮಟ್ಟದಲ್ಲಿ 100 ನಾಟ್ ವೇಗಕ್ಕೆ ಸುಮಾರು 1620 ಪಾಸ್ಕಲ್. ನೀರು ತುಂಬಿದ ಯು ಆಕಾರದ ಕೊಳವೆಗೆ ಜೋಡಿಸಿದರೆ ಎರಡು ಬದಿಯ ನೀರಿನ ಮಟ್ಟದಲ್ಲಿ 165 ಮಿಲಿಮೀಟರ್ ಅಂತರ. ವೇಗ ಅರ್ಧವಾದರೆ ಒತ್ತಡ ಕಾಲುಭಾಗ: 50 ನಾಟಿಗೆ 41 ಮಿಲಿಮೀಟರ್. 10 ನಾಟಿಗೆ 1.65 ಮಿಲಿಮೀಟರ್, ಎರಡು ಮಿಲಿಮೀಟರೂ ಇಲ್ಲ. ವಿಮಾನ ಓಡತೊಡಗಿದಾಗ ಮೊದಲ ಸೆಕೆಂಡುಗಳಲ್ಲಿ ಮುಳ್ಳು ಅಲುಗದಿರುವುದು ಇದಕ್ಕೇ. ಇದೇ ಕೊಳವೆಯನ್ನು ಹಡಗಿನ ತಳಕ್ಕೆ ಹಾಕಿದರೆ 10 ನಾಟಿಗೆ 1.35 ಮೀಟರ್ ನೀರಿನಷ್ಟು ಒತ್ತಡ ಬರುತ್ತದೆ, ಏಕೆಂದರೆ ಕಡಲ ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರ. ಪಿಟೋ ತತ್ವದ ಲಾಗ್‌ಗಳು ಹಡಗಿನಲ್ಲೂ ಬಹುಕಾಲ ನಡೆದದ್ದು ಹೀಗೆ.

ಸಾಂದ್ರತೆಯ ಮಾತು ಬಂತಲ್ಲ, ಇಲ್ಲಿ ನಿಲ್ಲೋಣ. ಮೀಟರ್ ಅಳೆಯುವುದು ಒತ್ತಡವನ್ನು. ಒತ್ತಡ ವೇಗವನ್ನೂ ಗಾಳಿಯ ಸಾಂದ್ರತೆಯನ್ನೂ ಅವಲಂಬಿಸಿದೆ. ಮೀಟರಿನ ಅಂಕಿಗಳನ್ನು ಬರೆದಿರುವುದು ಸಮುದ್ರ ಮಟ್ಟದ, 15 ಡಿಗ್ರಿ ಉಷ್ಣತೆಯ ಗಾಳಿಗೆ. ನಮ್ಮ ಊರುಗಳಲ್ಲೇ ನೋಡಿ. ಮಂಗಳೂರು ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ನೂರು ಮೀಟರ್ ಎತ್ತರದಲ್ಲಿದೆ, ಬೆಂಗಳೂರಿನದು ಸುಮಾರು 915 ಮೀಟರ್. ಎರಡೂ ಕಡೆ 30 ಡಿಗ್ರಿ ಸೆಕೆ, ಎರಡೂ ಕಡೆ ಮೀಟರಿನಲ್ಲಿ 140 ನಾಟ್ ಹಿಡಿದು ಇಳಿಯುತ್ತಿದ್ದೀರಿ. ಮಂಗಳೂರಿನಲ್ಲಿ ಗಾಳಿಗೆ ಹೋಲಿಸಿದ ನಿಜ ವೇಗ ಸುಮಾರು 144, ಬೆಂಗಳೂರಿನಲ್ಲಿ 152. ಗಾಳಿ ಬೀಸದ ದಿನ ಚಕ್ರ ನೆಲಕ್ಕೆ ತಾಗುವುದೂ ಆ ವೇಗದಲ್ಲೇ. ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ, ಬೆಂಗಳೂರಿನಲ್ಲಿ ಸುಮಾರು ನೂರಕ್ಕೆ 11ರಷ್ಟು ಹೆಚ್ಚು. ಎತ್ತರದ ಊರಿನ ರನ್‌ವೇ ಉದ್ದ ಇರಬೇಕಾದ ಕಾರಣಗಳಲ್ಲಿ ಇದೂ ಒಂದು.

ಹಾಗಾದರೆ ಮೀಟರ್ ಸುಳ್ಳು ಹೇಳುತ್ತಿದೆಯೇ? ಪೈಲಟ್‌ಗೆ ಅದು ಬೇಕಾದದ್ದನ್ನೇ ಹೇಳುತ್ತಿದೆ. ರೆಕ್ಕೆಯ ಎತ್ತುವ ಬಲವೂ ಅದೇ ಒತ್ತಡವನ್ನು ಅವಲಂಬಿಸಿದೆ. ತೂಕ ಅದೇ ಇದ್ದರೆ ಮಂಗಳೂರಿನಲ್ಲಿ ರೆಕ್ಕೆ ಸೋಲುವ ಅಂಕಿ ಯಾವುದೋ ಬೆಂಗಳೂರಿನಲ್ಲೂ ಮೀಟರಿನ ಮೇಲೆ ಅದೇ ಅಂಕಿ. ಹಾರಿಸಲು ಮೀಟರಿನ ವೇಗ, ದಾರಿ ಲೆಕ್ಕಕ್ಕೆ ನಿಜ ವೇಗ, ಊರು ಮುಟ್ಟುವ ಹೊತ್ತಿಗೆ ನೆಲದ ವೇಗ. ಮೂರಕ್ಕೂ ಅದರದರ ಕೆಲಸವಿದೆ. ಪ್ರಯಾಣಿಕ ವಿಮಾನ 35,000 ಅಡಿಯಲ್ಲಿ ಶಬ್ದವೇಗದ 0.78 ಪಟ್ಟು ಹೋಗುವಾಗ ನಿಜ ವೇಗ 450 ನಾಟ್, ಮೀಟರಿನಲ್ಲಿ ಮಾತ್ರ 264ರ ಆಸುಪಾಸು. ಎದುರು ಗಾಳಿ 100 ನಾಟ್ ಇದ್ದರೆ ನೆಲದ ವೇಗ 350. ಸಣ್ಣ ವಿಮಾನದವರ ಅಂದಾಜು ಸೂತ್ರ: ಪ್ರತಿ 1000 ಅಡಿಗೆ ಮೀಟರಿನ ಅಂಕಿಗೆ ನೂರಕ್ಕೆ ಎರಡರಂತೆ ಸೇರಿಸಿ.

ಈ ಕೊಳವೆ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಬಾಯಿ ಮುಚ್ಚಿ, ನೀರು ಬಸಿಯುವ ಸಣ್ಣ ತೂತು ತೆರೆದಿದ್ದರೆ ಒಳಗಿನ ಒತ್ತಡ ಸೋರಿ ಮುಳ್ಳು ಸೊನ್ನೆಗೆ ಬೀಳುತ್ತದೆ. ಇದು ಒಳ್ಳೆಯ ಕೇಡು, ಕಣ್ಣಿಗೆ ಹೊಡೆಯುತ್ತದೆ. ಎರಡೂ ಮುಚ್ಚಿದರೆ ಒಳಗೆ ಹಳೆಯ ಒತ್ತಡ ಸಿಕ್ಕಿಬೀಳುತ್ತದೆ. ವಿಮಾನ ಏರಿದಂತೆ ಸುತ್ತಲಿನ ಒತ್ತಡ ಇಳಿಯುತ್ತದೆ, ಡಬ್ಬಿ ಉಬ್ಬುತ್ತದೆ, ಮುಳ್ಳು ಏರುತ್ತದೆ. ಸಮುದ್ರ ಮಟ್ಟದಲ್ಲಿ ಮುಚ್ಚಿಹೋದ ಕೊಳವೆ 450 ಅಡಿಯ ಹತ್ತಿರ 100 ನಾಟ್ ತೋರಿಸುತ್ತದೆ, 5000 ಅಡಿಗೆ 315, 7000 ಅಡಿಗೆ 360 ದಾಟುತ್ತದೆ. ನಿಜ ವೇಗ ಏನೇ ಇರಲಿ! ಮೀಟರ್ ಎತ್ತರ ಅಳೆಯುತ್ತಿದೆ, ಪೈಲಟ್ ಅದನ್ನು ವೇಗವೆಂದು ಓದುತ್ತಿದ್ದಾನೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ತೊ ಪ್ಲಾತಾದಿಂದ ಹೊರಟ ಬೋಯಿಂಗ್ 757ರಲ್ಲಿ ನಡೆದದ್ದು ಇದೇ. ಕ್ಯಾಪ್ಟನ್ ಬದಿಯ ಮೀಟರ್ 7000 ಅಡಿಯ ಹತ್ತಿರ 350ರ ಆಸುಪಾಸು ತೋರಿಸುತ್ತಿತ್ತು. ಆಟೋಪೈಲಟ್ ಅದನ್ನು ನಂಬಿ ವೇಗ ತಗ್ಗಿಸಲು ಮೂತಿ ಎತ್ತಿತು. ವಿಮಾನ ರೆಕ್ಕೆಯ ಬಲ ಕಳೆದುಕೊಂಡು ಕಡಲಿಗೆ ಬಿತ್ತು, 189 ಜನ ಸತ್ತರು. ಕೊಳವೆಯಲ್ಲಿ ಮಣ್ಣು ಅಥವಾ ಹುಳುವಿನ ಗೂಡು ಕಟ್ಟಿದ್ದಿರಬೇಕೆಂದು ತನಿಖೆ ಹೇಳಿತು. ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ ನಿಂತ ವಿಮಾನದ ಪಿಟೋ ಕೊಳವೆ ಹೇಳಿ ಮಾಡಿಸಿದ ಜಾಗ.

ಸ್ಟ್ಯಾಟಿಕ್ ರಂಧ್ರ ಮುಚ್ಚಿದರೆ ಇದಕ್ಕೆ ತದ್ವಿರುದ್ಧ: ಮೇಲೇರಿದಂತೆ ವೇಗ ಕಡಿಮೆ ಕಾಣುತ್ತದೆ, ಇಳಿಯುವಾಗ ಹೆಚ್ಚು ಕಾಣುತ್ತದೆ, ಎತ್ತರದ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ಅದೇ ವರ್ಷ ಅಕ್ಟೋಬರ್ 2ರಂದು ಪೆರುವಿನ ಲಿಮಾದಿಂದ ಹೊರಟ ಇನ್ನೊಂದು 757 ಬಿದ್ದು 70 ಜನ ಸತ್ತದ್ದು, ವಿಮಾನ ತೊಳೆಯುವಾಗ ಆ ರಂಧ್ರಗಳ ಮೇಲೆ ಅಂಟಿಸಿದ್ದ ಟೇಪನ್ನು ಕಿತ್ತುಹಾಕದ ಕಾರಣಕ್ಕೆ. ಇನ್ನು ಹಿಮ. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ 35,000 ಅಡಿಯಲ್ಲಿದ್ದ ಏರ್‌ಬಸ್ 330ರ ಪಿಟೋ ಕೊಳವೆಗಳಿಗೆ ಹಿಮದ ಹರಳುಗಳು ತುಂಬಿದವು. ಕೊಳವೆಯೊಳಗೆ ಬಿಸಿ ಮಾಡುವ ತಂತಿ ಇದ್ದೇ ಇತ್ತು, ಹರಳು ಬಂದ ವೇಗಕ್ಕೆ ಕರಗಿಸಲು ಅದು ಸಾಲಲಿಲ್ಲ. ಅಂಕಿಗಳು ಕೆಟ್ಟದ್ದು ಸುಮಾರು ಒಂದು ನಿಮಿಷ ಮಾತ್ರ. ಆ ಒಂದು ನಿಮಿಷದಲ್ಲಿ ಮೂತಿ ಎತ್ತಿದ ವಿಮಾನ ಮತ್ತೆ ಸರಿಹೋಗಲಿಲ್ಲ, 228 ಜನ ಹೋದರು.

ವೇಗದ ಅಂಕಿ ನಂಬಲಾಗದಾಗ ಮಾಡಬೇಕಾದದ್ದು ಸರಳ, ಆದರೆ ಬಾಯಿಪಾಠವಾಗಿರಬೇಕು: ಆಟೋಪೈಲಟ್ ಬಿಡಿಸಿ, ಆ ತೂಕ ಆ ಎತ್ತರಕ್ಕೆ ಗೊತ್ತಿರುವ ಮೂತಿಯ ಕೋನ ಮತ್ತು ಇಂಜಿನ್ ಶಕ್ತಿ ಇಟ್ಟು ಹಿಡಿಯುವುದು. ಕೋನ ಮತ್ತು ಶಕ್ತಿ ಗೊತ್ತಿದ್ದರೆ ವೇಗ ತಾನಾಗಿ ಬರುತ್ತದೆ. ಜಿಪಿಎಸ್ ನೆಲದ ವೇಗ ಅಂದಾಜಿಗೆ ನೆರವು, ಆದರೆ ಅದರಲ್ಲಿ ಗಾಳಿ ಬೆರೆತಿದೆ, ಸಾಂದ್ರತೆಯ ಸುದ್ದಿ ಇಲ್ಲ.

ಕೊನೆಯದಾಗಿ ಆಸ್ಟ್ರೇಲಿಯಾದ ಬ್ರಿಸ್ಬೇನ್. ಅಲ್ಲಿ ಕಡಜದ ಕಾಟ ಎಷ್ಟೆಂದರೆ ವಿಮಾನ ನಿಂತ ಸ್ವಲ್ಪ ಹೊತ್ತಿಗೆಲ್ಲ ಪಿಟೋ ಕೊಳವೆಗಳಿಗೆ ಗವಸು ತೊಡಿಸುವ ರೂಢಿ ಇದೆ. 2018ರ ಜುಲೈ 18ರ ರಾತ್ರಿ ಕ್ವಾಲಾಲಂಪುರಕ್ಕೆ ಹೊರಟ ಒಂದು ಏರ್‌ಬಸ್ 330ರ ಮೂರೂ ಕೊಳವೆಗಳ ಗವಸು ತೆಗೆಯದೆ ಉಳಿಯಿತು. ರನ್‌ವೇಯಲ್ಲಿ ಓಡುವಾಗ ವೇಗದ ಜಾಗದಲ್ಲಿ ಕೆಂಪು ಎಚ್ಚರಿಕೆ ಕಾಣಿಸಿತು. ಸಿಬ್ಬಂದಿ ಅದಕ್ಕೆ ಸ್ಪಂದಿಸುವಷ್ಟರಲ್ಲಿ ಸುರಕ್ಷಿತವಾಗಿ ನಿಲ್ಲಿಸಲಾಗದಷ್ಟು ವೇಗ ಬಂದುಬಿಟ್ಟಿತ್ತು, ವಿಮಾನ ಮೇಲೇರಿತು. ಸಿಬ್ಬಂದಿ ಕೆಟ್ಟ ಅಂಕಿ ಕೊಡುತ್ತಿದ್ದ ಕಂಪ್ಯೂಟರುಗಳನ್ನು ಆರಿಸಿ, ರೆಕ್ಕೆಗೆ ಗಾಳಿ ಬಡಿಯುವ ಕೋನದಿಂದ ಕೆಲಸ ಮಾಡುವ ಬದಲಿ ವೇಗಪಟ್ಟಿಯನ್ನು ತೆರೆದು, ಅದನ್ನು ನೋಡಿಕೊಂಡು ಅದೇ ಊರಿಗೆ ಸುರಕ್ಷಿತವಾಗಿ ಇಳಿಸಿದರು. ಗವಸಿಗೆ ಕೆಂಪು ಪಟ್ಟಿ ಜೋತುಬಿಟ್ಟಿರುವುದು ದೂರದಿಂದಲೇ ಕಾಣಲಿ ಎಂದು. ಆದರೂ ಕತ್ತಲಲ್ಲಿ ಕಣ್ಣನ್ನು ನೆಚ್ಚಬಾರದು. ವಿಮಾನ ಬಿಡುವ ಮುನ್ನ ಕೆಳಗೆ ನಿಂತವರ ಕೈಯಲ್ಲಿ ಗವಸುಗಳಿರಬೇಕು, ಅವನ್ನು ಎತ್ತಿ ತೋರಿಸಿ ಎಣಿಸಬೇಕು: ಒಂದು, ಎರಡು, ಮೂರು.